ಎಂಪಿ3, ಎಂಪಿ4, ಎವಿಐ: ಹೆಸರಿನ ಹಿಂದಿರುವ ವ್ಯತ್ಯಾಸ

ಹಳೆಯ ಕ್ಯಾಸೆಟ್ಟಿನಲ್ಲಿರುವ ತಾಳಮದ್ದಲೆಯನ್ನೋ ಮನೆಯ ಹಿರಿಯರ ಹಾಡನ್ನೋ ಕಂಪ್ಯೂಟರಿಗೆ ಇಳಿಸಿಕೊಳ್ಳುವವರಿಗೆ ಮೊದಲು ಎದುರಾಗುವ ಪ್ರಶ್ನೆ, ಕಡತವನ್ನು ಯಾವ ಫಾರ್ಮ್ಯಾಟಿನಲ್ಲಿ ಉಳಿಸಬೇಕು ಎಂಬುದು. ಬಹುತೇಕರು ಎಂಪಿ3 ಆರಿಸಿ ಮುಂದುವರಿಯುತ್ತಾರೆ. ಆಮೇಲೆ ಟೇಪು ಬೂಷ್ಟು ಹಿಡಿದರೆ ಈ ಆಯ್ಕೆಯನ್ನು ತಿದ್ದಿಕೊಳ್ಳಲು ಮತ್ತೊಂದು ಅವಕಾಶ ಸಿಗದು.

ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ದಾಖಲಿಸಲಾಗುತ್ತದೆ. ಈ ಲೆಕ್ಕದಲ್ಲಿ 4 ನಿಮಿಷದ ಹಾಡಿಗೆ ಸುಮಾರು 42 ಎಂಬಿ ಸ್ಥಳ ಬೇಕು. ಅದೇ ಹಾಡು 128 ಕೆಬಿಪಿಎಸ್ ದರದ ಎಂಪಿ3 ಆದಾಗ 4 ಎಂಬಿಯೊಳಗೆ ಹಿಡಿಸುತ್ತದೆ. ಉಳಿದದ್ದನ್ನು ಕೈಬಿಡುವ ಬಗೆ ಕುತೂಹಲಕರ. ಜೋರಾದ ಸದ್ದಿನೊಡನೆ ಅದರ ಆಸುಪಾಸಿನ ಕಂಪನಾಂಕದ ಮೆಲುಸದ್ದು ಬಂದರೆ ಕಿವಿ ಅದನ್ನು ಗ್ರಹಿಸದು. ಎಂಪಿ3 ಆ ಮೆಲುಸದ್ದನ್ನು ಒರಟಾಗಿ ದಾಖಲಿಸುತ್ತದೆ, ಇಲ್ಲವೇ ತೆಗೆದುಹಾಕುತ್ತದೆ. ಇದನ್ನು ರೂಪಿಸಿದವರಲ್ಲಿ ಪ್ರಮುಖರಾದ ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಅವರನ್ನು ಬಹಳ ಕಾಡಿದ್ದು ಪಕ್ಕವಾದ್ಯವೇ ಇಲ್ಲದ, ಸುಝಾನ್ ವೇಗಾ ಹಾಡಿದ 'ಟಾಮ್ಸ್ ಡೈನರ್' ಗೀತೆ. ಒಂಟಿ ಕಂಠದಲ್ಲಿ ಲೋಪಗಳು ಅಡಗಿಕೊಳ್ಳಲು ಮರೆಯೇ ಇರುವುದಿಲ್ಲ. ಗಮಕ ವಾಚನವನ್ನೋ ಸೋಬಾನೆ ಪದವನ್ನೋ ಕಡಿಮೆ ದರದಲ್ಲಿ ಉಳಿಸುವವರು ಇದನ್ನು ಗಮನಿಸಬೇಕು.

2001ರಲ್ಲಿ ಬಂದ ಫ್ಲಾಕ್ ಹೀಗಲ್ಲ. ಕಡತದ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದರೂ ಮೂಲದ ಒಂದು ಅಂಕಿಯೂ ನಷ್ಟವಾಗದು. ಎಂಪಿ3 ಅನ್ನು ಮರಳಿ ಫ್ಲಾಕ್ ಅಥವಾ ವೇವ್ ಆಗಿಸಿದರೆ ಮಾತ್ರ ಗಾತ್ರ ಹಿಗ್ಗುತ್ತದೆಯೇ ಹೊರತು ಹೋದ ಧ್ವನಿ ಹಿಂದಿರುಗದು. ಎಂಪಿ3ಯಿಂದ ಎಎಸಿಗೆ ಬದಲಿಸಿದರೆ ಇನ್ನಷ್ಟು ನಷ್ಟ. ಆದ್ದರಿಂದ ಸಂಗ್ರಹಕ್ಕೆ ಫ್ಲಾಕ್ ಪ್ರತಿಯೊಂದನ್ನು ಇಟ್ಟುಕೊಂಡು, ಮೊಬೈಲಿನಲ್ಲಿ ಕೇಳಲು ಅದರಿಂದಲೇ ಎಂಪಿ3 ಮಾಡಿಕೊಳ್ಳುವುದು ಕ್ಷೇಮ.

ವಿಡಿಯೊ ವಿಷಯದಲ್ಲಿ ಗೊಂದಲ ಬೇರೆಯದು. ಎವಿಐ, ಎಂಪಿ4, ಎಂಕೆವಿ ಎಂಬುವು ಕೇವಲ ಪೆಟ್ಟಿಗೆಗಳು. ಚಿತ್ರವನ್ನು ಅಡಕಗೊಳಿಸುವ ಕೆಲಸ ಒಳಗಿರುವ ಕೋಡೆಕ್‌ನದು. ಎರಡು ಎಂಪಿ4 ಕಡತಗಳಲ್ಲಿ ಒಂದು ಹಳೆಯ ಟಿ.ವಿ.ಯಲ್ಲಿ ಓಡಿ ಇನ್ನೊಂದು ಓಡದಿದ್ದರೆ, ಮೊದಲನೆಯದರಲ್ಲಿ 2003ರ ಎಚ್.264, ಎರಡನೆಯದರಲ್ಲಿ 2013ರ ಎಚ್.265 ಇರುವ ಸಾಧ್ಯತೆ ಹೆಚ್ಚು. ಕಡತದ ಹೆಸರಿನ ಬಾಲವನ್ನು ಬದಲಿಸಿದರೆ ಏನೂ ಆಗದು.

ಈ ಕೋಡೆಕ್‌ಗಳು ಪ್ರತಿ ಚಿತ್ರವನ್ನೂ ಪೂರ್ತಿ ಬರೆಯುವುದಿಲ್ಲ. ವಾರ್ತಾವಾಚಕರ ಹಿಂದಿನ ಗೋಡೆ ಒಮ್ಮೆ ದಾಖಲಾದರೆ ಸಾಕು, ಬಳಿಕ ತುಟಿ, ಕಣ್ಣುಗಳ ಚಲನೆಯಷ್ಟೇ ಸೇರುತ್ತದೆ. ಮಳೆ, ಜಾತ್ರೆಯ ಜನಸಂದಣಿಯಂಥ ದೃಶ್ಯಗಳಲ್ಲಿ ಎಲ್ಲವೂ ಚಲಿಸುವುದರಿಂದ ಚಿತ್ರ ಚೌಕಚೌಕವಾಗಿ ಒಡೆಯುವುದುಂಟು.

ಮದುವೆಯ ಡಿ.ವಿ.ಡಿ.ಯಲ್ಲಿರುವ ವಿಡಿಯೊ ಸಾಮಾನ್ಯವಾಗಿ ಎಂಪೆಗ್-2 ರೂಪದಲ್ಲಿ ಈಗಾಗಲೇ ಒಮ್ಮೆ ಸಂಕುಚಿತಗೊಂಡಿರುತ್ತದೆ. ಅದರ ವಿಒಬಿ ಕಡತಗಳನ್ನು ಮೊದಲು ಇದ್ದ ಹಾಗೆಯೇ ಹಾರ್ಡ್ ಡಿಸ್ಕಿಗೆ ನಕಲಿಸಿಕೊಳ್ಳಬೇಕು. ನೆಂಟರಿಗೆ ಕಳುಹಿಸುವ ಚಿಕ್ಕ ಪ್ರತಿಯನ್ನು ಆ ನಕಲಿನಿಂದ ಸಿದ್ಧಪಡಿಸಿಕೊಳ್ಳಬಹುದು.