ಸೂಟ್‌ಕೇಸ್‌ನಲ್ಲಿ ಗಡಿ ದಾಟಿದ ಒಂದು ಪ್ರಶ್ನೆ

ಇವತ್ತು ನಾನು ಹೇಳ್ತಿರೋದು ಒಂದು ಸಂಶೋಧನಾ ವಿಧಾನದ ಕಥೆ. ಬೋರು ಅಂತ ಇಯರ್‌ಫೋನ್ ತೆಗೀಬೇಡಿ, ಇದರಲ್ಲಿ ನಾಜಿಗಳಿದ್ದಾರೆ, ಒಬ್ಬ ಯುವ ಪಾದ್ರಿ ಇದ್ದಾನೆ.

ಎಷ್ಟು ಜನಕ್ಕೆ ಕಾಯಿಲೆ ಬಂತು ಅಂತ ಎಣಿಸೋದು ಒಂದು ಬಗೆಯ ಸಂಶೋಧನೆ. ಆ ಕಾಯಿಲೆ ಜೊತೆ ಬದುಕೋದು ಹೇಗಿರುತ್ತೆ ಅಂತ ಕೇಳೋದು ಇನ್ನೊಂದು ಬಗೆ. ಈ ಎರಡನೇದರ ಹಿಂದಿರೋ ಮುಖ್ಯ ವಿಚಾರಗಳಲ್ಲಿ ಒಂದು ಫಿನಾಮಿನಾಲಜಿ.

ಇದಕ್ಕೆ ಬುನಾದಿ ಹಾಕಿದ್ದು ಎಡ್ಮಂಡ್ ಹುಸರ್ಲ್. ಓದಿದ್ದು ಗಣಿತ, ಆದದ್ದು ತತ್ವಜ್ಞಾನಿ. ಲೆಕ್ಕದಲ್ಲಿ ಬ್ರಾಕೆಟ್ ಹಾಕ್ತೀವಲ್ಲ, ಹಾಗೆ ನಮಗೆ ಮೊದಲೇ ಗೊತ್ತು ಅಂದುಕೊಂಡಿರೋದನ್ನೆಲ್ಲ ಬ್ರಾಕೆಟ್‌ನೊಳಗಿಟ್ಟು, ಅನುಭವ ಹೇಗೆ ಕಾಣಿಸಿಕೊಳ್ಳುತ್ತೋ ಹಾಗೇ ನೋಡಿ ಅಂದರು.

ಆದರೆ ಅವರನ್ನ ಯಾರೂ ಹಾಗೆ ನೋಡಲಿಲ್ಲ. ಹುಟ್ಟಿದ್ದು ಯಹೂದಿ ಕುಟುಂಬದಲ್ಲಿ ಅನ್ನೋ ಒಂದೇ ಕಾರಣಕ್ಕೆ 1933ರಲ್ಲಿ ಫ್ರೈಬರ್ಗ್ ವಿಶ್ವವಿದ್ಯಾಲಯ ಅವರನ್ನ ಹೊರಗಿಟ್ಟಿತು. 1938ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮನೆಯಲ್ಲಿ ಉಳಿದಿದ್ದು ಶೀಘ್ರಲಿಪಿಯಲ್ಲಿ ಬರೆದ ಸುಮಾರು 40,000 ಪುಟ. ನಾಜಿಗಳ ಕೈಗೆ ಸಿಕ್ಕರೆ ಅವು ಉಳಿಯೋದು ಅನುಮಾನವಿತ್ತು.

ಅದೇ ವರ್ಷ ಆಗಸ್ಟ್‌ನಲ್ಲಿ ಬೆಲ್ಜಿಯಂನಿಂದ ಹರ್ಮನ್ ವಾನ್ ಬ್ರೆಡಾ ಬಂದ. ಫ್ರಾನ್ಸಿಸ್ಕನ್ ಪಾದ್ರಿ, ವಯಸ್ಸು 27, ಬಂದಿದ್ದು ತನ್ನ ಪಿಎಚ್‌ಡಿ ಕೆಲಸಕ್ಕೆ. ಹುಸರ್ಲ್ ಪತ್ನಿ ಮಾಲ್ವಿನ್ ಜೊತೆ ಮಾತಾಡಿ, ಹಾಳೆಗಳನ್ನ ಸೂಟ್‌ಕೇಸ್‌ಗಳಲ್ಲಿ ತುಂಬಿ, ರೈಲಿನಲ್ಲಿ ಬರ್ಲಿನ್‌ನ ಬೆಲ್ಜಿಯಂ ರಾಯಭಾರ ಕಚೇರಿಗೆ ತಲುಪಿಸಿದ. ಅಲ್ಲಿಂದ ರಾಜತಾಂತ್ರಿಕ ಸಾಮಾನು ಅನ್ನೋ ಹೆಸರಲ್ಲಿ ಅವು ಗಡಿ ದಾಟಿ ಲ್ಯೂವೆನ್ ಸೇರಿದವು. ಇವತ್ತಿಗೂ ಅಲ್ಲೇ ಇವೆ.

ತತ್ವಶಾಸ್ತ್ರ ಸಂಶೋಧನಾ ವಿಧಾನವಾಗಿದ್ದು ಆಮೇಲೆ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಡುಕೇನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಅಮೆಡಿಯೊ ಜಿಯೋರ್ಜಿ 1970ರ ಸುಮಾರಿಗೆ ಅದಕ್ಕೆ ಹಂತಗಳನ್ನ ರೂಪಿಸತೊಡಗಿದರು. ಸಂದರ್ಶನವನ್ನ ಮೊದಲು ಪೂರ್ತಿ ಓದಿ. ಅರ್ಥ ತಿರುಗೋ ಕಡೆಯೆಲ್ಲ ಗುರುತು ಹಾಕಿ. ಪ್ರತಿ ತುಂಡು ಆ ಅನುಭವದ ಬಗ್ಗೆ ಏನು ಹೇಳ್ತಿದೆ ನೋಡಿ. ಕೊನೆಗೆ, ಎಲ್ಲರ ಮಾತಲ್ಲೂ ಯಾವುದಿಲ್ಲದಿದ್ದರೆ ಆ ಅನುಭವ ಅದೇ ಆಗಿ ಉಳಿಯೋದಿಲ್ಲವೋ, ಅದನ್ನ ಬರೀರಿ.

ಈಗ ಎಷ್ಟೋ ಪ್ರಬಂಧಗಳಲ್ಲಿ ‘ಪೂರ್ವಗ್ರಹ ಬದಿಗಿಟ್ಟಿದ್ದೇವೆ’ ಅಂತ ಒಂದು ಸಾಲು ಬರೆದು ಮುಗಿಸ್ತಾರೆ. ನನ್ನ ಪ್ರಕಾರ ಅದು ಸಾಲದು. ಹಾಸ್ಟೆಲ್‌ಗೆ ಹೊಸದಾಗಿ ಬಂದ ಹುಡುಗಿಗೆ ‘ಒಂಟಿತನ ಕಾಡ್ತಾ?’ ಅಂತ ಕೇಳಿದರೆ ಉತ್ತರ ನಾವೇ ಕೊಟ್ಟ ಹಾಗೆ. ‘ಮೊದಲ ರಾತ್ರಿ ಹೇಗಿತ್ತು, ಹೇಳಮ್ಮ’ ಅಂತ ಕೇಳಿ ಸುಮ್ಮನಿರಬೇಕು. ಆ ಸೂಟ್‌ಕೇಸ್‌ಗಳಲ್ಲಿ ಉಳಿದು ಬಂದದ್ದು ಹೀಗೆ ಕೇಳೋ ತಾಳ್ಮೆ.