ಗಾಲಿಗೆ ಗಾಳಿ ತುಂಬಿದ ದಾರಿ

ರೇಸ್ ಸೈಕಲ್ಲಿಗೆ ಏನಾದರೂ ಹೊಸದು ಹಾಕಿಸಬೇಕು ಎಂದು ದುಡ್ಡು ಕೂಡಿಟ್ಟುಕೊಂಡವರು ನನ್ನನ್ನು ಕೇಳಿದರೆ, ನಾನು ಹೇಳುವುದು ಒಂದೇ: ಮೊದಲು ಟೈರು ಬದಲಾಯಿಸಿ. ಕಾರ್ಬನ್ ಗಾಲಿ, ಎಲೆಕ್ಟ್ರಾನಿಕ್ ಗೇರು, ಹಗುರ ಸೀಟು ಎಲ್ಲ ಆಮೇಲೆ. ಈ ಮಾತಿಗೆ ನನ್ನ ಸವಾರಿಯ ಅನುಭವಕ್ಕಿಂತ ದೊಡ್ಡ ಆಧಾರ ಇತಿಹಾಸದಲ್ಲಿದೆ. ಆ ಇತಿಹಾಸ ನಡೆದದ್ದು ನಾನೀಗ ಇರುವ ಐರ್ಲೆಂಡಿನ ಡ್ರೋಹೆಡಾದ ಆಚೀಚೆ, ಬೆಲ್‌ಫಾಸ್ಟ್ ಮತ್ತು ಡಬ್ಲಿನ್ ನಡುವಿನ ದಾರಿಯಲ್ಲಿ.

ಡ್ರೋಹೆಡಾ ಬಾಯ್ನ್ ನದಿಯ ಊರು. ದಕ್ಷಿಣಕ್ಕೆ ಡಬ್ಲಿನ್ ಸುಮಾರು 50 ಕಿ.ಮೀ., ಉತ್ತರಕ್ಕೆ ಬೆಲ್‌ಫಾಸ್ಟ್ ಸುಮಾರು 120. ಐರ್ಲೆಂಡಿನವರಿಗೆ ಈ ಊರೆಂದರೆ 1649ರಲ್ಲಿ ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್ ನಡೆಸಿದ ಕಗ್ಗೊಲೆ, 1690ರ ಬಾಯ್ನ್ ಯುದ್ಧ. ನಮ್ಮ ಕಡೆಯವರಿಗೆ ಮಾತ್ರ ಡ್ರೋಹೆಡಾ ಎಂದರೆ ಆಸ್ಪತ್ರೆ. ಮದರ್ ಮೇರಿ ಮಾರ್ಟಿನ್ ಅವರ ಸನ್ಯಾಸಿನಿಯರು ಕಟ್ಟಿ ಬೆಳೆಸಿದ ಅವರ್ ಲೇಡಿ ಆಫ್ ಲೂರ್ಡ್ಸ್ ಆಸ್ಪತ್ರೆ ಇಲ್ಲಿದೆ. ಕೇರಳದಿಂದಲೂ ಮಂಗಳೂರು ಕಡೆಯಿಂದಲೂ ಬಂದ ನರ್ಸುಗಳಿಂದಾಗಿ ಇಲ್ಲಿ ಭಾರತದ ಎಷ್ಟೋ ಕುಟುಂಬಗಳು ನೆಲೆಯಾಗಿವೆ. ನಾನೂ ಅದೇ ಕೆಲಸಕ್ಕೆ ಸುಳ್ಯದಿಂದ ಬಂದವನು. ರಾತ್ರಿ ಪಾಳಿ ಮುಗಿಸಿ ಸ್ವಲ್ಪ ನಿದ್ದೆ ಮಾಡಿ, ಟರ್ಮನ್‌ಫೆಕಿನ್ ದಾಟಿ ಕ್ಲೋಗರ್‌ಹೆಡ್‌ನ ಸಮುದ್ರದ ತನಕ ಸೈಕಲ್ ತುಳಿದು ಬರುವುದು ನನ್ನ ರೂಢಿ.

ಬೆಲ್‌ಫಾಸ್ಟಿನ ಮೇ ಸ್ಟ್ರೀಟ್ ಪಕ್ಕದಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರ ದೊಡ್ಡ ದವಾಖಾನೆ ಇತ್ತು. 1840ರಲ್ಲಿ ಸ್ಕಾಟ್‌ಲೆಂಡಿನ ಡ್ರೆಗ್‌ಹಾರ್ನ್‌ನಲ್ಲಿ ಹುಟ್ಟಿದವರು, ಹೊಟ್ಟೆಪಾಡಿಗಾಗಿ ಐರ್ಲೆಂಡಿಗೆ ಬಂದವರು. ಅವರ ಹುಡುಗ ಜಾನಿಗೆ ಒಂದು ಮೂರು ಗಾಲಿಯ ಸೈಕಲ್ ಇತ್ತು. ಆಗಿನ ಗಾಲಿಗಳಿಗೆ ಗಟ್ಟಿ ರಬ್ಬರಿನ ಪಟ್ಟಿ, ಬೆಲ್‌ಫಾಸ್ಟಿನ ಬೀದಿಗಳಿಗೆ ಕಲ್ಲು ಹಾಸು. 1887ರ ಅಕ್ಟೋಬರ್ ಹೊತ್ತಿಗೆ ಡನ್‌ಲಪ್ ಮರದ ಒಂದು ದುಂಡು ಹಲಗೆ ಮಾಡಿದರು. ತೆಳು ರಬ್ಬರ್ ಹಾಳೆಯಿಂದ ಕೊಳವೆ ಅಂಟಿಸಿ, ಹಲಗೆಯ ಸುತ್ತ ಸುತ್ತಿ, ಅದರ ಮೇಲೆ ನಾರಗಸೆಯ ಬಟ್ಟೆ ಬಿಗಿದು ಮೊಳೆ ಹೊಡೆದರು. ಕಾಲ್ಚೆಂಡಿಗೆ ಗಾಳಿ ಹೊಡೆಯುವ ಪಂಪಿನಿಂದ ಗಾಳಿ ತುಂಬಿದರು. ನಾರಗಸೆ ನೇಯುವುದರಲ್ಲಿ ಬೆಲ್‌ಫಾಸ್ಟ್ ಆಗ ಲೋಕಕ್ಕೇ ದೊಡ್ಡ ಹೆಸರು. ಡ್ರೋಹೆಡಾದಲ್ಲೂ ಆ ಮಗ್ಗಗಳು ಇದ್ದವು.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಮುಖ್ಯ. ಜಾನಿಯ ಸೈಕಲ್ಲಿನ ಗಟ್ಟಿ ರಬ್ಬರಿನ ಮುಂದಿನ ಗಾಲಿಯನ್ನೂ ಗಾಳಿ ತುಂಬಿದ ಆ ಹಲಗೆಯನ್ನೂ ಅಂಗಳದಲ್ಲಿ ಒಂದಾದ ಮೇಲೊಂದು ಉರುಳಿಸಿ ಬಿಟ್ಟರು. ಗಟ್ಟಿ ಗಾಲಿ ಅಂಗಳದ ಆಚೆ ತುದಿ ಮುಟ್ಟದೆ ಬಿತ್ತು. ಗಾಳಿಯ ಗಾಲಿ ತುದಿಯವರೆಗೂ ಓಡಿ ಗೇಟಿಗೆ ಬಡಿದು ಪುಟಿಯಿತು. ಒರಟು ನೆಲ, ಎರಡು ಗಾಲಿ, ಯಾವುದು ದೂರ ಹೋಗುತ್ತದೆ ಎಂಬ ಪ್ರಶ್ನೆ. ಅಷ್ಟೇ ಸರಳ ಪರೀಕ್ಷೆ. ಸೈಕಲ್ ಲೋಕ ಈ ಪರೀಕ್ಷೆಯನ್ನು ಮರೆತು ಬಹಳ ವರ್ಷ ದಾರಿ ತಪ್ಪಿತು. ಅದಕ್ಕೆ ಮುಂದೆ ಬರುತ್ತೇನೆ. 1888ರ ಫೆಬ್ರವರಿ 28ರ ರಾತ್ರಿ ಜಾನಿ ಹೊಸ ಟೈರಿನ ಮೇಲೆ ಸವಾರಿ ಮಾಡಿದ. ಜುಲೈ 23ರಂದು ಡನ್‌ಲಪ್ ಪೇಟೆಂಟಿಗೆ ಅರ್ಜಿ ಹಾಕಿದರು, ಡಿಸೆಂಬರಿನಲ್ಲಿ ಅದು ಸಿಕ್ಕಿತು.

ಇಂದು ಹೊಸ ಭಾಗ ಕೊಳ್ಳುವವರಿಗೆ ಎದುರಾಗುವ ತೊಡಕು ಆಗಲೇ ಎದುರಾಯಿತು. ಹೊಸ ಟೈರು ದಪ್ಪ, ಹಳೆಯ ಸೈಕಲ್ಲಿನ ಫೋರ್ಕಿನ ನಡುವೆ ಹಿಡಿಸದು. ಬೆಲ್‌ಫಾಸ್ಟಿನ ಎಡ್ಲಿನ್ ಕಂಪನಿ ಈ ಟೈರಿಗೆಂದೇ ಅಗಲ ಫೋರ್ಕಿನ ಸೈಕಲ್ ಕಟ್ಟತೊಡಗಿತು. ಅಂಥದೊಂದನ್ನು ಕೊಂಡವರು ಬೆಲ್‌ಫಾಸ್ಟ್ ಕ್ರೂಸರ್ಸ್ ಕ್ಲಬ್ಬಿನ ನಾಯಕ ವಿಲ್ಲಿ ಹ್ಯೂಮ್. 1889ರ ಮೇ 18ರಂದು ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ಹ್ಯೂಮ್ ಆ ಸೈಕಲ್ಲಿನಲ್ಲಿ ಬಂದಾಗ ಉಬ್ಬಿದ ಗಾಲಿಗಳನ್ನು ನೋಡಿ ಜನ ನಕ್ಕರು. ಅವತ್ತು ಇಳಿದ ನಾಲ್ಕೂ ಸ್ಪರ್ಧೆಗಳನ್ನು ಅವರು ಗೆದ್ದರು. ಮರುವರ್ಷ ಡಬ್ಲಿನ್ನಿನ ಸೈಕಲ್ ಪತ್ರಿಕೆಯ ಸಂಪಾದಕ ಆರ್. ಜೆ. ಮೆಕ್ರೆಡಿ ಇಂಗ್ಲೆಂಡಿಗೆ ಹೋಗಿ ಗಾಳಿ ಟೈರಿನಲ್ಲಿ ಅಲ್ಲಿನ ಚಾಂಪಿಯನ್‌ಶಿಪ್ಪುಗಳನ್ನು ಬಾಚಿಕೊಂಡು ಬಂದರು. ಅಲ್ಲಿಗೆ ಗಟ್ಟಿ ರಬ್ಬರಿನ ಕಾಲ ಮುಗಿಯಿತು. ಗೆಲ್ಲಬೇಕಾದರೆ ಹೊಸ ಭಾಗ ಕೊಳ್ಳಬೇಕು ಎಂಬ ನಂಬಿಕೆ ಸೈಕಲ್ ಸವಾರರಲ್ಲಿ ಬೇರು ಬಿಟ್ಟದ್ದು ಆ ಎರಡು ವರ್ಷಗಳಲ್ಲಿ ಎಂದು ನಾನು ತಿಳಿದಿದ್ದೇನೆ.

ಹ್ಯೂಮ್ ಎದುರು ಸೋತವರಲ್ಲಿ ಡಬ್ಲಿನ್ನಿನ ಹಾರ್ವಿ ಡು ಕ್ರೋ ಅವರ ಮಕ್ಕಳೂ ಇದ್ದರು. ಅಪ್ಪ ವ್ಯಾಪಾರಿ, ಜೊತೆಗೆ ಐರಿಷ್ ಸೈಕಲ್ ಸಂಘದ ಅಧ್ಯಕ್ಷ. ಸೋಲಿನ ಕಾರಣ ಕಣ್ಣಾರೆ ಕಂಡವರು ಸುಮ್ಮನಿರಲಿಲ್ಲ. 1889ರ ಕೊನೆಗೆ 25,000 ಪೌಂಡ್ ಬಂಡವಾಳದಲ್ಲಿ ಡಬ್ಲಿನ್ನಿನಲ್ಲಿ ಕಂಪನಿ ಎದ್ದಿತು, ಸ್ಟೀಫನ್ ಸ್ಟ್ರೀಟಿನಲ್ಲಿ ಟೈರು ತಯಾರಿ ಶುರುವಾಯಿತು. ಬೆಲ್‌ಫಾಸ್ಟಿಗೂ ಡಬ್ಲಿನ್ನಿಗೂ ನಡುವೆ ರೈಲು ಓಡುತ್ತಿದ್ದುದು, ಇಂದಿಗೂ ಓಡುವುದು, ಡ್ರೋಹೆಡಾದ ಬಾಯ್ನ್ ಸೇತುವೆಯ ಮೇಲೆಯೇ. ಜಾನ್ ಮ್ಯಾಕ್‌ನೀಲ್ ಎಂಬ ಎಂಜಿನಿಯರ್ ರೂಪಿಸಿದ, 1855ರಲ್ಲಿ ಮುಗಿದ ಆ ಎತ್ತರದ ಸೇತುವೆ ಆಸ್ಪತ್ರೆಗೆ ಹೋಗುವಾಗೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ. ಡಬ್ಲಿನ್ ಕಾರ್ಖಾನೆ ಬಹುಕಾಲ ಬಾಳಲಿಲ್ಲ. ರಬ್ಬರ್ ಮತ್ತು ನಾಫ್ತಾದ ನಾತಕ್ಕೆ ನಗರಸಭೆಯವರು ತಕರಾರು ತೆಗೆದರು, ತಯಾರಿ ಇಂಗ್ಲೆಂಡಿನ ಕೊವೆಂಟ್ರಿಗೆ ಹೋಯಿತು. ಒಂದು ಇಡೀ ಉದ್ಯಮವನ್ನು ಐರ್ಲೆಂಡ್ ಹಾಗೆ ಕಳೆದುಕೊಂಡಿತು.

ಡನ್‌ಲಪ್ ಅವರ ಪೇಟೆಂಟೂ ನಿಲ್ಲಲಿಲ್ಲ. ಸ್ಕಾಟ್‌ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ಗಾಲಿಗೆ ಪೇಟೆಂಟ್ ಪಡೆದಿದ್ದದ್ದು ಗೊತ್ತಾಯಿತು. ಕಂಪನಿಯನ್ನು ಉಳಿಸಿದ್ದು ಬೇರೆ ಎರಡು ಪೇಟೆಂಟುಗಳು: ಟೈರಿನ ಅಂಚಿಗೆ ತಂತಿ ಹಾಕುವ ವೆಲ್ಚ್ ಅವರದು, ಅಂಚು ರಿಮ್ಮಿಗೆ ಕಚ್ಚಿಕೊಳ್ಳುವ ಬಾರ್ಟ್‌ಲೆಟ್ ಅವರದು. ಎರಡೂ 1890ರವು, ಎರಡನ್ನೂ ಕಂಪನಿ ಕೊಂಡಿತು. ಡನ್‌ಲಪ್ ಅವರ ಮೊದಲ ಟೈರು ರಿಮ್ಮಿಗೆ ಅಂಟಿಕೊಂಡಿದ್ದದ್ದು, ಪಂಕ್ಚರ್ ಆದರೆ ಬಿಚ್ಚುವುದೇ ಒಂದು ಕಷ್ಟ. ತಂತಿಯ ಅಂಚು ಬಂದ ಮೇಲೆಯೇ ಸಾಮಾನ್ಯ ಸವಾರ ತಾನೇ ಟೈರು ಕಳಚಿ ಹಾಕುವಂತಾದದ್ದು. ಅದೇ ಕಾಲದ ವುಡ್ಸ್ ವಾಲ್ವನ್ನು ನಮ್ಮೂರವರೆಲ್ಲ ಬಲ್ಲರು, ಹೆಸರು ಮಾತ್ರ ಬೇರೆ. ಸುಳ್ಯದ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಗಾಳಿ ನಿಲ್ಲದಿದ್ದರೆ ಮೊದಲು ನೋಡುತ್ತಿದ್ದದ್ದು ವಾಲ್‌ಟ್ಯೂಬ್ ಹರಿದಿದೆಯಾ ಎಂದು. ಆ ಸಣ್ಣ ರಬ್ಬರ್ ಕೊಳವೆಯನ್ನು ಎಂಜಲು ಹಚ್ಚಿ ಪಿನ್ನಿಗೆ ಏರಿಸಿದ್ದು ನಮ್ಮ ತಲೆಮಾರಿನ ಎಲ್ಲರ ನೆನಪು.

1896ರಲ್ಲಿ ಕಂಪನಿ 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಆ ಹೊತ್ತಿಗೆ ಡನ್‌ಲಪ್ ಹೊರಗೆ ಬಂದಾಗಿತ್ತು. ಡಬ್ಲಿನ್ನಿನ ಒಂದು ಬಟ್ಟೆ ವ್ಯಾಪಾರದ ಸಂಸ್ಥೆ ನೋಡಿಕೊಂಡು ಅವರು ಅಲ್ಲೇ 1921ರಲ್ಲಿ ತೀರಿಕೊಂಡರು.

ಟೈರಿನ ಚರಿತ್ರೆ ಬರೆಯುವವರು ರಬ್ಬರ್ ಎಲ್ಲಿಂದ ಬಂತು ಎಂಬುದನ್ನು ಬಿಟ್ಟು ಬರೆಯಬಾರದು. ನಮ್ಮ ಸುಳ್ಯದಲ್ಲಿ ಅಡಿಕೆಗೆ ಹಳದಿ ರೋಗ ಬಂದ ಮೇಲೆ ಬಹಳ ಮನೆಯವರು ರಬ್ಬರ್ ಹಾಕಿದರು, ಅಪ್ಪನೂ ಹಾಕಿದರು. ಅದಕ್ಕೂ ಮೊದಲು ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದು ಅರಣ್ಯ ಅಭಿವೃದ್ಧಿ ನಿಗಮ ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟಗಳನ್ನು ಎಬ್ಬಿಸಿತ್ತು. ಬೆಳಕು ಹರಿಯುವ ಮೊದಲೇ ಟ್ಯಾಪರ್ ಮರದ ತೊಗಟೆಯನ್ನು ಓರೆಯಾಗಿ, ತೆಳುವಾಗಿ ಕೊರೆಯುತ್ತಾನೆ. ಕತ್ತಿ ಒಂದಿಷ್ಟು ಆಳಕ್ಕಿಳಿದರೂ ಮರಕ್ಕೆ ಗಾಯ. ಗೆರಟೆಗೆ ತೊಟ್ಟಿಕ್ಕಿದ ಹಾಲನ್ನು ಬಿಸಿಲೇರುವ ಮುಂಚೆ ತಂದು, ತಟ್ಟೆಗೆ ಹೊಯ್ದು, ಆಸಿಡ್ ಹಾಕಿದರೆ ಮರುದಿನಕ್ಕೆ ಗಟ್ಟಿ. ಅದನ್ನು ಮೆಷಿನ್ನಿಗೆ ಕೊಟ್ಟು ಶೀಟು ಮಾಡಿ ಹೊಗೆಯಲ್ಲಿ ಒಣಗಿಸಬೇಕು. ಆ ಹುಳಿ ವಾಸನೆ ಮೂಗಿನಿಂದ ಹೋಗುವಂಥದ್ದಲ್ಲ. ಡಬ್ಲಿನ್ನಿನ ನಗರಸಭೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಡನ್‌ಲಪ್ ಕಾಲಕ್ಕೆ ಇಂಥ ತೋಟಗಳು ಇರಲಿಲ್ಲ. ರಬ್ಬರ್ ಬರುತ್ತಿದ್ದುದು ಕಾಡಿನಿಂದ, ಬ್ರೆಜಿಲ್ ಮತ್ತು ಆಫ್ರಿಕದಿಂದ. ಟೈರಿನ ಬೇಡಿಕೆ ಏರಿದ ಹಾಗೆ ಕಾಂಗೋದಲ್ಲಿ ಬೆಲ್ಜಿಯಂ ರಾಜ ಲಿಯೋಪೋಲ್ಡನ ಆಳುಗಳು ಹಳ್ಳಿಗರನ್ನು ರಬ್ಬರಿಗಾಗಿ ಹಿಂಸಿಸಿದರು, ಕೈ ಕಡಿದರು, ಕೊಂದರು. ಅದನ್ನು ಸ್ಥಳಕ್ಕೆ ಹೋಗಿ ನೋಡಿ ವರದಿ ಬರೆದವರು ಡಬ್ಲಿನ್ ಬಳಿಯ ಸ್ಯಾಂಡಿಕೋವ್‌ನಲ್ಲಿ ಹುಟ್ಟಿದ ರೋಜರ್ ಕೇಸ್‌ಮೆಂಟ್. ವರದಿ 1904ರಲ್ಲಿ ಹೊರಬಂತು. ಆಮೇಲೆ ಅಮೆಜಾನಿನ ಪುಟುಮಾಯೊ ಕಾಡಿನ ರಬ್ಬರ್ ಕ್ರೌರ್ಯವನ್ನೂ ಅವರು ಬಯಲು ಮಾಡಿದರು. ಐರ್ಲೆಂಡಿನ ಸ್ವಾತಂತ್ರ್ಯದ ದಂಗೆಗೆ ನೆರವಾದದ್ದಕ್ಕೆ 1916ರ ಆಗಸ್ಟ್ 3ರಂದು ಲಂಡನ್ನಿನಲ್ಲಿ ಅವರನ್ನು ಗಲ್ಲಿಗೇರಿಸಿದರು. ಟೈರು ಹುಟ್ಟಿದ ನಾಡಿನಿಂದಲೇ ಟೈರಿನ ಹಿಂದಿನ ರಕ್ತದ ಲೆಕ್ಕ ಕೇಳುವವರು ಬಂದರು ಎಂಬುದು ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ.

ಗೇರಿನ ಇತಿಹಾಸ ಬೇರೆ ಊರುಗಳದ್ದು, ಬೇಗ ಹೇಳಿ ಮುಗಿಸುತ್ತೇನೆ. ಡನ್‌ಲಪ್ ತೀರಿಕೊಂಡ 1921ರಲ್ಲೇ ಜಪಾನಿನ ಸಕಾಯ್‌ನಲ್ಲಿ ಶಿಮಾನೊ ಕಂಪನಿ ಶುರುವಾಯಿತು. 1933ರಲ್ಲಿ ಇಟಲಿಯ ವಿಚೆಂಜಾದಲ್ಲಿ ಕ್ಯಾಂಪಗ್ನೊಲೊ. ಒಂದು ಒತ್ತಿಗೆ ಒಂದು ಗೇರು ಕಟಕ್ಕನೆ ಬೀಳುವ ವ್ಯವಸ್ಥೆಯನ್ನು ಶಿಮಾನೊ 1984ರಲ್ಲಿ ತಂದಿತು. 1990ರಲ್ಲಿ ಗೇರು ಬ್ರೇಕಿನ ಹಿಡಿಗೆ ಬಂತು, 2009ರಲ್ಲಿ ಬ್ಯಾಟರಿಗೆ. ಇದೇ ಕಾಲದಲ್ಲಿ ಐರ್ಲೆಂಡಿನ ಇಬ್ಬರು ಜಗತ್ತನ್ನು ಗೆದ್ದರು. 1987ರ ಒಂದೇ ವರ್ಷದಲ್ಲಿ ಸ್ಟೀಫನ್ ರೋಶ್ ಇಟಲಿಯ ಜಿರೊ, ಟೂರ್ ದ ಫ್ರಾನ್ಸ್, ವಿಶ್ವ ಚಾಂಪಿಯನ್‌ಶಿಪ್ ಮೂರನ್ನೂ ಗೆದ್ದರೆ, ಪ್ಯಾರಿಸ್–ರುಬೆಯ ಕಲ್ಲುಹಾಸಿನ ದಾರಿಯ ರೇಸನ್ನು ಶಾನ್ ಕೆಲ್ಲಿ ಎರಡು ಸಲ ಗೆದ್ದರು. ಉಳಿದವರೆಲ್ಲ ಬೂಟು ಕಚ್ಚಿಕೊಳ್ಳುವ ಹೊಸ ಪೆಡಲಿಗೆ ಹೋದ ಮೇಲೂ ಕೆಲ್ಲಿ ಬಹಳ ವರ್ಷ ಹಳೆಯ ಪಟ್ಟಿ ಪೆಡಲನ್ನು ಬಿಡಲಿಲ್ಲ. ಯಾವ ಹೊಸ ಭಾಗ ತನಗೆ ಬೇಕು, ಯಾವುದು ಬೇಡ ಎಂದು ತಿಳಿದವರ ನಡೆ ಅದು.

ಆ ದಶಕಗಳಲ್ಲೇ ಟೈರಿನ ವಿಷಯದಲ್ಲಿ ಸೈಕಲ್ ಲೋಕ ದಾರಿ ತಪ್ಪಿದ್ದು. ಪ್ರಯೋಗಾಲಯದಲ್ಲಿ ನುಣುಪಾದ ಉಕ್ಕಿನ ಉರುಳೆಯ ಮೇಲೆ ಟೈರನ್ನು ಓಡಿಸಿ ನೋಡಿದರು. ಅಲ್ಲಿ ಗಾಳಿ ಹೆಚ್ಚಿಸಿದಷ್ಟೂ ಗಾಲಿ ಹಗುರವಾಗಿ ಓಡಿತು. ಹಾಗಾಗಿ ರೇಸಿನವರು 20, 23 ಮಿಲಿಮೀಟರಿನ ಸಪೂರ ಟೈರಿಗೆ ಕಲ್ಲಿನಂತೆ ಗಾಳಿ ಹೊಡೆದರು. ರಸ್ತೆ ಉಕ್ಕಿನ ಹಾಗೆ ನುಣುಪಲ್ಲ. ಡ್ರೋಹೆಡಾದಿಂದ ಮೊನಾಸ್ಟರ್‌ಬಾಯ್ಸ್ ಕಡೆಗೆ ಹೋಗುವ ಹಳ್ಳಿದಾರಿಗಳಿಗೆ ಡಾಂಬರಿನ ಮೇಲೆ ಜಲ್ಲಿಚೂರು ಉದುರಿಸಿರುತ್ತಾರೆ. ಅದರ ಮೇಲೆ ಬಿಗಿ ಟೈರು ಕುಣಿಯುತ್ತದೆ. ಕಾಲು ಹಾಕಿದ ಶಕ್ತಿ ಮುಂದಕ್ಕೆ ಹೋಗದೆ ಸವಾರನ ತೋಳು, ಬೆನ್ನು, ತೊಡೆಯ ನಡುಕದಲ್ಲಿ ಕರಗುತ್ತದೆ. ನಿಜವಾದ ರಸ್ತೆಯ ಮೇಲೆ ಅಳೆದು ನೋಡಿದ ಮೇಲೆ ರೇಸಿನವರು 25ಕ್ಕೆ, ಆಮೇಲೆ 28ಕ್ಕೆ ಬಂದರು, ಗಾಳಿಯ ಒತ್ತಡ ಇಳಿಸಿದರು. ಡನ್‌ಲಪ್ ತಮ್ಮ ಅಂಗಳದಲ್ಲಿ ಕಂಡದ್ದು ಇದನ್ನೇ.

ಭಾಗಗಳನ್ನು ಕೊಳ್ಳುವ ಬಗೆಯೂ ಇದೇ ಬೆಲ್‌ಫಾಸ್ಟ್–ಡಬ್ಲಿನ್ ದಾರಿಯ ಉದ್ದಕ್ಕೂ ಬದಲಾಯಿತು. 1993ರ ಜನವರಿ 1ರಂದು ಯುರೋಪಿನ ಏಕ ಮಾರುಕಟ್ಟೆ ಬಂದು ಐರ್ಲೆಂಡಿಗೂ ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡಿಗೂ ನಡುವಿನ ಗಡಿಯ ಸುಂಕದ ಕಟ್ಟೆಗಳು ಎದ್ದುಹೋದವು. ಬೆಲ್‌ಫಾಸ್ಟಿನ ಆಚೆ ಬ್ಯಾಲಿನೂರ್ ಎಂಬ ಹಳ್ಳಿಯಲ್ಲಿ 1984ರಲ್ಲಿ ಒಂದು ಕುಟುಂಬ ತೆರೆದ ಸೈಕಲ್ ಅಂಗಡಿ, ಮುಂದೆ ಚೈನ್ ರಿಯಾಕ್ಷನ್ ಸೈಕಲ್ಸ್ ಎಂದು ಹೆಸರಾಗಿ, 1999ರಿಂದ ಇಂಟರ್ನೆಟ್ಟಿನಲ್ಲಿ ಮಾರತೊಡಗಿ ಲೋಕದ ಮೂಲೆಮೂಲೆಗೆ ಭಾಗಗಳನ್ನು ಕಳಿಸಿತು. 2016ರಲ್ಲಿ ಅದು ಇಂಗ್ಲೆಂಡಿನ ವಿಗಲ್ ಕಂಪನಿಯ ಜೊತೆ ಸೇರಿತು. 2021ರ ಆರಂಭದಿಂದ ಬ್ರೆಕ್ಸಿಟ್ ಕಾರಣ ಬ್ರಿಟನ್ನಿನಿಂದ ಇಲ್ಲಿಗೆ ತರಿಸುವ ಸಾಮಾನಿಗೆ ತೆರಿಗೆ, ಸುಂಕ, ಕಾಗದಪತ್ರದ ತಾಪತ್ರಯ ಬಂತು. 2023ರ ಅಕ್ಟೋಬರಿನಲ್ಲಿ ಆ ಕಂಪನಿಯೇ ದಿವಾಳಿಯ ಆಡಳಿತಕ್ಕೆ ಹೋಯಿತು. ಅಗ್ಗದ ಭಾಗಗಳ ಕಾಲ ಮುಗಿಯಿತು ಎಂದು ಸವಾರರು ಕೊರಗಿದರು. ನನಗೆ ಅದಕ್ಕಿಂತ ಊರೂರಿನ ಸಣ್ಣ ಅಂಗಡಿಗಳ ಚಿಂತೆ. ಗಾಲಿಯ ಬೆಂಡ್ ತೆಗೆಯುವ ಕೈ ಪೋಸ್ಟಿನಲ್ಲಿ ಬರುವುದಿಲ್ಲ.

ಸರ್ಕಾರದ ನೆರವಿನ ಬಗ್ಗೆಯೂ ಒಂದು ಮಾತು. 2009ರಿಂದ ಇಲ್ಲಿ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಿಗೆ ತೆರಿಗೆ ರಿಯಾಯಿತಿ ಇದೆ. ಮೊದಲು 1,000 ಯೂರೋ ತನಕ, 2020ರಿಂದ 1,250 ತನಕ. ಹೊಸ ಸೈಕಲ್, ಹೆಲ್ಮೆಟ್, ದೀಪಗಳಿಗೆ ಅದು ಸಿಗುತ್ತದೆ, ಬಿಡಿ ಭಾಗಗಳಿಗೆ ಸಿಗುವುದಿಲ್ಲ. ಇರುವ ಸೈಕಲ್ಲನ್ನೇ ಸುಧಾರಿಸಿ ಇಟ್ಟುಕೊಳ್ಳುವವನು ಶೇಕಡಾ 23 ವ್ಯಾಟ್ ಸಮೇತ ಪೂರ್ತಿ ಬೆಲೆ ತೆರಬೇಕು. ಈ ನಿಯಮ ಬದಲಾಗಬೇಕು.

ಕೈಗೆಟಕುವ ಬೆಲೆಯಲ್ಲಿ ಸೈಕಲ್ಲನ್ನು ನಿಜವಾಗಿ ಬದಲಿಸುವುದು ಇಂದಿಗೂ ಟೈರೇ. ನನ್ನ ಸೈಕಲ್ಲಿನಲ್ಲಿ ಈಗ 28ರ ಟೈರು, ಒಳಗೆ ಲ್ಯಾಟೆಕ್ಸ್ ಟ್ಯೂಬು. ಅಪ್ಪನ ಗೆರಟೆಯ ಹಾಲಿನ ಜಾತಿಯದೇ ರಬ್ಬರ್ ಅದು. ಮಾಮೂಲಿ ಬ್ಯೂಟೈಲ್ ಟ್ಯೂಬಿಗಿಂತ ಮೃದುವಾಗಿ ಓಡುತ್ತದೆ, ಆದರೆ ರಾತ್ರಿ ಬೆಳಗಾಗುವುದರೊಳಗೆ ಗಾಳಿ ಇಳಿಯುತ್ತದೆ, ಸವಾರಿಗೆ ಮೊದಲು ಪ್ರತಿ ಸಲ ಪಂಪು ಹಿಡಿಯಬೇಕು. ಹೊಸ ಟೈರು ಕೊಳ್ಳಲು ಹೊರಟಿದ್ದರೆ ಎಡ್ಲಿನ್ ಕಂಪನಿಗೆ ಎದುರಾದ ತೊಡಕನ್ನು ನೆನಪಿಡಿ: ನಿಮ್ಮ ಫೋರ್ಕು, ಬ್ರೇಕು, ಫ್ರೇಮಿನ ನಡುವೆ ಎಷ್ಟು ಜಾಗ ಇದೆ ಎಂದು ಮೊದಲು ಅಳೆಯಿರಿ. ಟೈರಿನ ಎರಡೂ ಬದಿಗೆ ಕನಿಷ್ಠ 4 ಮಿಲಿಮೀಟರ್ ಬಿಡಿ. ಅಳತೆ ಗೊತ್ತಾಗದಿದ್ದರೆ ಸೈಕಲ್ಲನ್ನೇ ಊರಿನ ಅಂಗಡಿಗೆ ತೆಗೆದುಕೊಂಡು ಹೋಗಿ, ಅಲ್ಲೇ ಕೊಂಡು ಅಲ್ಲೇ ಹಾಕಿಸಿಕೊಳ್ಳಿ.