ಬಂಡೆ ಮೇಲೆ ಬೆಳೆ ಬರ್ಲಿಲ್ಲ, ಟೂರಿಸ್ಟ್ ಬಂದ್ರು: ಮಸ್ಕೋಕಾ ಕಥೆ

(1/3)
ಟೊರೊಂಟೊದಲ್ಲಿ ನಿಮ್ಮ ಕಸಿನ್ ಯಾರಾದ್ರೂ ಇದ್ರೆ, ಬೇಸಿಗೆಯಲ್ಲಿ ಅವರ ಸ್ಟೋರಿ ನೋಡಿ. ಒಂದು ಸರೋವರ, ನೀರಿನ ಅಂಚಿಗೆ ಮರದ ಕಟ್ಟೆ, ಎರಡು ಅಗಲ ಕುರ್ಚಿ. ಲೊಕೇಶನ್ ಮಸ್ಕೋಕಾ ಅಂತ ಇದ್ರೂ ಇರಬಹುದು. ಟೊರೊಂಟೊದಿಂದ ಉತ್ತರಕ್ಕೆ ಕಾರಲ್ಲಿ ಎರಡೂವರೆ ಗಂಟೆ ದೂರ. ಈಗ ಕೋಟ್ಯಧೀಶರ ಜಾಗ. ಆದ್ರೆ ಇದನ್ನ ರೆಸಾರ್ಟ್ ಮಾಡಬೇಕು ಅಂತ ಸರ್ಕಾರ ಪ್ಲಾನ್ ಮಾಡಿದ್ದೇ ಅಲ್ಲ. ಅವರು ಮಾಡೋಕೆ ಹೊರಟಿದ್ದು ವ್ಯವಸಾಯ!

1868ರಲ್ಲಿ ಒಂಟಾರಿಯೊ ಸರ್ಕಾರ ಒಂದು ಕಾನೂನು ತಂತು. 18 ವರ್ಷ ತುಂಬಿದವರಿಗೆ 100 ಎಕರೆ ಫ್ರೀ. ಕೇಳೋಕೆ ಲಾಟರಿ ಥರ ಇದೆ ಅಲ್ವಾ? ಈಗ ಕಂಡೀಷನ್ಸ್ ಓದಿ. ಐದು ವರ್ಷದಲ್ಲಿ 15 ಎಕರೆ ಕಾಡು ಕಡಿದು ಉಳಬೇಕು. ಕನಿಷ್ಠ 16x20 ಅಡಿ ಮನೆ ಕಟ್ಟಬೇಕು, ಅಂದ್ರೆ ನಮ್ಮ 30x40 ಸೈಟಿನ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲೇ ವಾಸ ಇರಬೇಕು. ದುಡ್ಡು ಬರೋ ಪೈನ್ ಮರದ ಹಕ್ಕು ಮಾತ್ರ ಸರ್ಕಾರದ್ದೇ.

ಇಂಗ್ಲೆಂಡ್, ಸ್ಕಾಟ್ಲೆಂಡಿನಿಂದೆಲ್ಲಾ ಜನ ಹಡಗು ಹತ್ತಿ ಬಂದ್ರು. ಮರ ಕಡಿದು ನೋಡಿದ್ರೆ ಕೆಳಗೆ ಮಣ್ಣು ಒಂದು ಪದರ ಅಷ್ಟೇ. ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ಲ, ಅದೇ ಜಾತಿಯ ನೈಸ್ ಬಂಡೆ, ಕಣ್ಣು ಹಾಯೋವರೆಗೂ. ಅದರ ಮೇಲೆ ಗೋಧಿ ಬೆಳೀರಿ ಅಂದ್ರೆ? ಎಷ್ಟೋ ಕುಟುಂಬಗಳು ಬಿಟ್ಟು ಹೋದವು.

(2/3)
ಬಿಟ್ಟು ಹೋಗದೇ ಇದ್ದೋರು ಏನ್ ಮಾಡಿದ್ರು?

ಅದಕ್ಕೂ ಮುಂಚೆ, 1860ರಲ್ಲೇ, ಟೊರೊಂಟೊದ ಜಾನ್ ಕ್ಯಾಂಪ್‌ಬೆಲ್, ಜೇಮ್ಸ್ ಬೇನ್ ಅನ್ನೋ ಇಬ್ಬರು ಹುಡುಗರು ಸುಮ್ನೆ ದೋಣಿ ಹುಟ್ಟು ಹಾಕ್ಕೊಂಡು ಈ ಕಡೆ ಬಂದಿದ್ರು. ಮಸ್ಕೋಕಾದ ಮೊದಲ ಟೂರಿಸ್ಟ್‌ಗಳು ಅಂತ ಇವರನ್ನೇ ಹೇಳ್ತಾರೆ. ಅವರ ಹಿಂದೆ ಮೀನು ಹಿಡಿಯೋರು, ಬೇಟೆಯವರು ಬರೋಕೆ ಶುರುವಾದ್ರು. ಅವರಿಗೆ ರಾತ್ರಿ ಮಲಗೋಕೆ ಜಾಗ ಬೇಕು, ಊಟ ಬೇಕು. ಹತ್ತಿರ ಇದ್ದದ್ದು ರೈತರ ಮನೆ. ಒಂದು ರೂಮ್ ಕೊಟ್ರು, ಆಮೇಲೆ ಇನ್ನೊಂದು ಕಟ್ಟಿದ್ರು. ಥಾಮಸ್ ಐಟ್ಕನ್ ಅವರ ವಿಂಡರ್‌ಮಿಯರ್ ಹೌಸ್, ಚಾರ್ಲ್ಸ್ ಮಿನೆಟ್ ಅವರ ಕ್ಲೀವ್‌ಲ್ಯಾಂಡ್ಸ್ ಹೌಸ್, ಎರಡೂ ಹೀಗೇ ಬೆಳೆದ ಹೋಟೆಲ್‌ಗಳು. ನಮ್ಮ ಕೊಡಗಿನ ಹೋಂಸ್ಟೇ ಥರಾನೇ, ನೂರಕ್ಕೂ ಹೆಚ್ಚು ವರ್ಷ ಮುಂಚೆ.

ಬಿಕಾಂ ಕಣ್ಣಲ್ಲಿ ನನಗೆ ಇಷ್ಟ ಆಗೋ ಕ್ಯಾರೆಕ್ಟರ್ ಎ. ಪಿ. ಕಾಕ್‌ಬರ್ನ್. 1866ರಲ್ಲಿ ಮಸ್ಕೋಕಾ ಸರೋವರಕ್ಕೆ ವೆನೋನಾ ಅನ್ನೋ ಸ್ಟೀಮರ್ ಇಳಿಸಿದ. ಆಗ ಪ್ಯಾಸೆಂಜರ್ ಎಲ್ಲಿದ್ರು! ಮರುವರ್ಷ ಎಲೆಕ್ಷನ್ ಗೆದ್ದು ಶಾಸಕನೂ ಆದ. ಮಸ್ಕೋಕಾ ಮತ್ತು ರೊಸ್ಸೊ ಸರೋವರದ ಮಧ್ಯೆ ಹಡಗು ದಾಟೋಕೆ ಆಗ್ತಿರ್ಲಿಲ್ಲ. ಸರ್ಕಾರದ ಮೇಲೆ ಒತ್ತಡ ಹಾಕಿ ಅಲ್ಲಿ ನೀರಿನ ಲಾಕ್ ಕಟ್ಟಿಸಿದ. 1871ರಲ್ಲಿ ಓಪನ್. ಶಾಸಕನೂ ಅವನೇ, ಹಡಗೂ ಅವನದ್ದೇ. ಇವತ್ತಾದ್ರೆ ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಅಂತ ಟ್ರೋಲ್ ಮಾಡ್ತಿದ್ವಿ.

ಅಷ್ಟರಲ್ಲಿ, 1870ರಲ್ಲಿ, ನ್ಯೂಯಾರ್ಕ್ ಕಡೆಯ ಡಬ್ಲ್ಯೂ. ಎಚ್. ಪ್ರ್ಯಾಟ್ ರೊಸ್ಸೊ ಸರೋವರದ ಉತ್ತರ ತುದಿಯಲ್ಲಿ, ಕಾಡಿನ ಮಧ್ಯೆ ದೊಡ್ಡ ಹೋಟೆಲ್ ತೆಗೆದಿದ್ದ. ಗಿರಾಕಿಗಳು ಶ್ರೀಮಂತ ಅಮೆರಿಕನ್ನರು. 1875ಕ್ಕೆ ರೈಲು ಗ್ರೇವನ್‌ಹರ್ಸ್ಟ್‌ಗೆ ಬಂತು. ರೈಲು ಇಳಿ, ಸ್ಟೀಮರ್ ಹತ್ತು, ಹೋಟೆಲ್ ಕಟ್ಟೆಗೆ ಇಳಿ. ಮೂರು ಬಿಸಿನೆಸ್, ಒಂದಿಲ್ಲದೆ ಇನ್ನೊಂದಿಲ್ಲ. ಇಲ್ಲಿಯ ಗಾಳಿಗೆ ಹೇ ಫೀವರ್ ವಾಸಿಯಾಗುತ್ತೆ ಅಂತ ಜಾಹೀರಾತು ಬೇರೆ. ಪ್ರ್ಯಾಟ್ ಹೋಟೆಲ್ 1883ರಲ್ಲಿ ಸುಟ್ಟು ಹೋಯ್ತು, ಮತ್ತೆ ಕಟ್ಟಲಿಲ್ಲ. ಎಲ್ಲಾ ಮರದ ಕಟ್ಟಡ ನೋಡಿ. 1901ರ ಭರ್ಜರಿ ರಾಯಲ್ ಮಸ್ಕೋಕಾ ಹೋಟೆಲೂ 1928ರಲ್ಲಿ ಬೆಂಕಿಗೇ ಹೋಯ್ತು.

ರೈತನಿಗೆ ಇದರಲ್ಲಿ ಏನು ಸಿಕ್ತು ಅಂತೀರಾ? ಹಾಲು, ಮೊಟ್ಟೆ, ತರಕಾರಿ, ಚಳಿಗಾಲದಲ್ಲಿ ಕಡಿದಿಟ್ಟ ಐಸ್, ಎಲ್ಲಕ್ಕೂ ಮನೆ ಬಾಗಿಲಲ್ಲೇ ಕ್ಯಾಶ್. ಬಂಡೆ ಕೊಡದೇ ಇದ್ದ ದುಡ್ಡನ್ನ ನೀರು ಕೊಡ್ತು.

(3/3)
ಈ ಭಾಗ ಓದದೇ ಸ್ವೈಪ್ ಮಾಡಬೇಡಿ ಪ್ಲೀಸ್.

ಟೂರಿಸಂ ಪುಸ್ತಕಗಳಲ್ಲಿ 'ನಿರ್ಜನ ಕಾಡು' ಅಂತ ಬರುತ್ತಲ್ಲ, ನಿರ್ಜನ ಆಗಿರಲೇ ಇಲ್ಲ. ಮಸ್ಕೋಕಾ ಅನ್ನೋ ಹೆಸರೇ ಒಬ್ಬ ಒಜಿಬ್ವೆ ಮುಖಂಡನ ಹೆಸರಿಂದ ಬಂದಿದ್ದು ಅಂತಾರೆ. ಎರಡು ಸರೋವರ ಸೇರೋ ಜಾಗದಲ್ಲಿ ಒಜಿಬ್ವೆ ಜನರ ಒಬಜೆವನುಂಗ್ ಅನ್ನೋ ಹಳ್ಳಿ ಇತ್ತು. ಮರದ ದಿಮ್ಮಿ ಮನೆಗಳು, ಆಲೂಗಡ್ಡೆ ತೋಟ. 1860ರ ದಶಕದ ಶುರುವಲ್ಲಿ ಬಂದ ಸರ್ವೇಯರ್‌ಗಳು ಅದನ್ನ ಕಣ್ಣಾರೆ ನೋಡಿದ್ರು. ಅದೇ ದಶಕದಲ್ಲಿ ಆ ಜನ ಹಳ್ಳಿ ಬಿಟ್ಟು ಪ್ಯಾರಿ ದ್ವೀಪಕ್ಕೆ ಹೋಗಬೇಕಾಯ್ತು. ಜಾಗಕ್ಕೆ ಜಾನ್ ಕಾರ್ಲಿಂಗ್ ಅನ್ನೋ ಮಂತ್ರಿಯ ಹೆಸರಿಟ್ಟು ಪೋರ್ಟ್ ಕಾರ್ಲಿಂಗ್ ಅಂದ್ರು.

ಕಾಕ್‌ಬರ್ನ್ ಕಟ್ಟಿಸಿದ ಲಾಕ್ ಇರೋದು ಅಲ್ಲೇ.

ಆಮೇಲೆ ಎಷ್ಟೋ ವರ್ಷ, ಬೇಸಿಗೆ ಬಂದಾಗ ಒಜಿಬ್ವೆ ಕುಟುಂಬಗಳು ಪೋರ್ಟ್ ಕಾರ್ಲಿಂಗ್‌ಗೆ ವಾಪಸ್ ಬರ್ತಿದ್ವು. ಅಜ್ಜಂದಿರು ಆಲೂಗಡ್ಡೆ ಬೆಳೆದ ಊರಲ್ಲಿ ಸಾಲಾಗಿ ಕೂತು, ಸ್ಟೀಮರ್ ಇಳಿದು ಬಂದ ಟೂರಿಸ್ಟ್‌ಗಳಿಗೆ ಬುಟ್ಟಿ, ಮುಳ್ಳುಹಂದಿ ಮುಳ್ಳಿನ ಡಬ್ಬಿ ಮಾರ್ತಿದ್ರು. ಸೀಸನ್ ಮುಗಿದ್ರೆ ಮತ್ತೆ ದ್ವೀಪಕ್ಕೆ.